ಹಾಲಾಗದ ಸುಣ್ಣದ ತಿಳಿನೀರು

ಶಾಲೆಯ ಪ್ರಯೋಗಾಲಯದ ಸಹಾಯಕನನ್ನು ಮಕ್ಕಳೆಲ್ಲ ಲ್ಯಾಬಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಅವೇ ಕಪಾಟುಗಳ ನಡುವೆ ಓಡಾಡಿದವನು. ಯಾವ ಬಾಟಲಿ ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಆ ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ನೆಲವೆಲ್ಲ ನೀರು. ಪೈಪು ಒಡೆದು ಕೆಳಗಿನ ಸಾಲಿನ ಬಾಟಲಿಗಳ ಚೀಟಿಗಳೆಲ್ಲ ಕಿತ್ತುಬಂದು ತೇಲುತ್ತಿದ್ದವು. ಮುಚ್ಚಳ ಬಿಗಿಯಾಗಿದ್ದರಿಂದ ಒಳಗಿನದಕ್ಕೆ ಏನೂ ಆಗಿರಲಿಲ್ಲ. ಆದರೆ ಆರು ಬಾಟಲಿ, ಆರರಲ್ಲೂ ಬಿಳಿ ಪುಡಿ.

ಹೊಸದಾಗಿ ಬಂದಿದ್ದ ರಸಾಯನಶಾಸ್ತ್ರದ ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದರು.

“ನಾಳೆನೇ ಪ್ರಾಕ್ಟಿಕಲ್ ಪರೀಕ್ಷೆ. ಈಗೇನ್ಮಾಡೋದು?”

“ಯೋಚನೆ ಬಿಡಿ ಮೇಡಂ. ಕೈಲಿ ಎತ್ತಿ ನೋಡಿದ್ರೆ ನಂಗೆ ಗೊತ್ತಾಗುತ್ತೆ.”

“ಇರಬಹುದು. ಆದ್ರೂ ಒಂದ್ಸಲ ಪುಡಿಗಳನ್ನೇ ಕೇಳಿಬಿಡೋಣ,” ಎಂದರು ಮೇಡಂ.

ಲ್ಯಾಬಣ್ಣನಿಗೆ ಒಳಗೊಳಗೇ ಮುನಿಸು. ಆದರೂ ಒಂದೊಂದನ್ನೇ ಎತ್ತಿ ಹೆಸರು ಹೇಳಿ, ಸ್ಪಿರಿಟ್ ದೀಪ ಹಚ್ಚಿದ. ನುಸಿಗುಳಿಗೆಯ ಪುಡಿ ಮುಚ್ಚಳ ತೆಗೆದಾಗಲೇ ವಾಸನೆಯಿಂದ ಗುಟ್ಟು ಬಿಟ್ಟುಕೊಟ್ಟಿತು. ಸಕ್ಕರೆ ಬಿಸಿಗೆ ಕರಗಿ ಕಂದು ಬಣ್ಣಕ್ಕೆ ತಿರುಗಿತು. ಉಪ್ಪು ಚಟಪಟ ಸಿಡಿಯಿತೇ ಹೊರತು ಕರಗಲಿಲ್ಲ. ಸುಣ್ಣಕಲ್ಲಿನ ಪುಡಿ ನೀರಿನಲ್ಲಿ ತಳ ಹಿಡಿದು ಕೂತಿತು; ಆಮ್ಲ ಬಿದ್ದೊಡನೆ ನೊರೆಯುಕ್ಕಿಸಿತು. ನಾಲ್ಕಕ್ಕೆ ನಾಲ್ಕೂ ಅವನು ಮೊದಲೇ ಹೇಳಿದಂತೆಯೇ ಆಯಿತು. ಅವನ ಎದೆ ಉಬ್ಬಿತು.

ಉಳಿದವು ಎರಡು. ಎರಡೂ ನೀರಿನಲ್ಲಿ ಕರಗಿದವು, ಎರಡೂ ಆಮ್ಲಕ್ಕೆ ನೊರೆಗರೆದವು.

“ಎಡಗಡೆದು ಅಡುಗೆ ಸೋಡಾ, ಬಲಗಡೆದು ಬಟ್ಟೆ ಸೋಡಾ,” ಎಂದ.

“ಕಾಯಿಸಿ ನೋಡೋಣ. ಅಡುಗೆ ಸೋಡಾ ಆದ್ರೆ ಗಾಳಿ ಬಿಡುತ್ತೆ, ಆ ಗಾಳಿ ಒಳಗೆ ಹಾಯ್ದ್ರೆ ಸುಣ್ಣದ ತಿಳಿನೀರು ಹಾಲಿನ ಥರ ಆಗುತ್ತೆ. ಬಟ್ಟೆ ಸೋಡಾ ಈ ಬಿಸಿಗೆಲ್ಲ ಜಗ್ಗಲ್ಲ.”

ಎಡಗಡೆಯದನ್ನು ಎಷ್ಟು ಕಾಯಿಸಿದರೂ ತಿಳಿನೀರು ತಿಳಿಯಾಗಿಯೇ ಉಳಿಯಿತು. ಬಲಗಡೆಯದು ಎರಡೇ ನಿಮಿಷಕ್ಕೆ ಅದನ್ನು ಬೆಳ್ಳಗೆ ಮಾಡಿತು.

ಲ್ಯಾಬಣ್ಣ ದೀಪ ಆರಿಸಿದ. ಹೋದ ವರ್ಷದ ದಸರಾ ರಜೆಯಲ್ಲಿ ಹೊಸ ಪೊಟ್ಟಣಗಳಿಂದ ಆ ಎರಡೂ ಬಾಟಲಿ ತುಂಬಿದವನು ಅವನೇ, ಪೊಟ್ಟಣದ ಮೇಲಿನ ಹೆಸರು ಓದದೆ ಕೈಯಂದಾಜನ್ನೇ ನಂಬಿ ಅದಲುಬದಲು ಮಾಡಿದ್ದ. ಆಮೇಲೆ ಒಂಬತ್ತನೇ ತರಗತಿಯ ಎರಡು ಜಡೆಯ ಹುಡುಗಿ ಇದೇ ಪ್ರಯೋಗ ಮಾಡುತ್ತ, “ಅಣ್ಣಾ, ನೀರು ಬೆಳ್ಳಗಾಗ್ತಾನೇ ಇಲ್ಲ,” ಎಂದಿದ್ದಳು. “ನೀನು ನೆಟ್ಟಗೆ ಕಾಯಿಸಿಲ್ಲ,” ಎಂದು ಎಲ್ಲರೆದುರು ಗದರಿದ್ದ. ಅವಳು ಕಣ್ಣು ತುಂಬಿಕೊಂಡು ಕೂತಿದ್ದಳು.

“ಮೇಡಂ, ಒಂದ್ ಹತ್ತು ನಿಮಿಷ,” ಎಂದವನೇ ಹೊರಟ.

ಹುಡುಗಿ ಈಗ ಹತ್ತನೆಯಲ್ಲಿದ್ದಳು. ಜಗಲಿಗೆ ಕರೆದು, ತಡವರಿಸುತ್ತ ಹೇಳಿದ. “ಅವತ್ತು ತಪ್ಪು ನಿಂದಲ್ಲಮ್ಮ. ಬಾಟಲೀಲಿ ಇದ್ದಿದ್ದೇ ಬೇರೆ. ನೀನು ಕಂಡಿದ್ದೇ ಸರಿ.”

ಅವಳು ತಲೆಯೆತ್ತಿದಳು. “ನಾನು ಮೊದಲು ‘ಬದಲಾಗಲಿಲ್ಲ’ ಅಂತಾನೇ ಬರೆದಿದ್ದೆ ಅಣ್ಣಾ. ನೀವು ಬೈದ ಮೇಲೆ ಹೊಡೆದುಹಾಕಿ, ಪಕ್ಕದವಳದ್ದು ನೋಡಿ ‘ಹಾಲಿನಂತಾಯಿತು’ ಅಂತ ಬರೆದೆ.”

“ಪಕ್ಕದವಳಿಗೆ ಹೇಗೆ ಆಯ್ತು?”

“ಅವಳು ಕಾಯಿಸೇ ಇರಲಿಲ್ಲ. ಪುಸ್ತಕ ನೋಡಿ ಬರೆದಿದ್ಲು.”

ಲ್ಯಾಬಣ್ಣನಿಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು. ಅವನು ಪ್ರಯೋಗಾಲಯಕ್ಕೆ ಮರಳಿದಾಗ ಮೇಡಂ ಮಸಿ, ಕಾಗದ ಹರಡಿಕೊಂಡು ಚೀಟಿ ಬರೆಯುತ್ತಿದ್ದರು. ಅವನು ಎದುರಿಗೆ ಕೂತು ಗೋಂದಿನ ಡಬ್ಬಿ ಬಿಚ್ಚಿದ.