ಸವತಿಗೆ ಹಾಕಿದ ಎಣ್ಣೆ

ಅಣ್ಣನ ಮನೆಯ ಕಾರ್ ಶೆಡ್ಡಿನ ಕಡೆ ಪುಟ್ಟ ಹತ್ತೊಂಬತ್ತು ವರ್ಷಗಳಿಂದ ತಲೆ ಹಾಕಿರಲಿಲ್ಲ. ಪುಟ್ಟ ಎಂದರೆ ಹುಡುಗನೇನಲ್ಲ. ಐವತ್ತೆಂಟು ತುಂಬಿದ ಗಂಡಸು, ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ಮೊನ್ನೆ ಮೊನ್ನೆ ನಿವೃತ್ತನಾದವನು, ಇಬ್ಬರು ಮೊಮ್ಮಕ್ಕಳ ತಾತ. ಆದರೆ ಅಣ್ಣನ ಮನೆಯ ಹೊಸಿಲು ದಾಟಿದರೆ ಸಾಕು, ಅವನು ಮತ್ತೆ ಪುಟ್ಟನೇ.

ಈಗ ಬಂದಿದ್ದು ಅತ್ತಿಗೆಯ ಫೋನಿನಿಂದ. ಅತ್ತಿಗೆ ಸುತ್ತಿ ಬಳಸಿ ಮಾತಾಡುವವಳಲ್ಲ. "ನಿಮ್ಮಣ್ಣನ ಎಡಗಿವಿ ಪೂರ್ತಿ ಹೋಯ್ತು. ಬಲಗಿವೀನೂ ಹೋಗ್ತಾ ಇದೆ. ಅದು ಕೇಳಿಸೋದೂ ಇನ್ನು ಕೆಲವೇ ತಿಂಗಳು ಅಂದ್ರು ಡಾಕ್ಟ್ರು. ಕಾರಿನ ಸದ್ದು ಒಂದ್ಸಲ ಕೇಳ್ಬೇಕಂತೆ. ಇವರ ಕೈ ನೋಡಿದ್ರೆ ಚಮಚ ಹಿಡಿದ್ರೂ ನಡುಗುತ್ತೆ. ನೀನು ಬರ್ತೀಯೋ, ಇಲ್ಲ ಬೇರೆ ಯಾರನ್ನಾದ್ರೂ ಕರೀಲೋ?"

ಬೇರೆ ಯಾರನ್ನಾದರೂ ಎಂಬ ಮಾತು ಅವನಿಗೆ ಸರಿಯಾಗಿಯೇ ನಾಟಿತು. ಏಕೆಂದರೆ ಆ ಕಾರಿನ ಬಾಯಿ ಮುಚ್ಚಿಸಿದವನೇ ಅವನು.

ಅದು ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಹಸಿರು ಕಾರು. ತೆರೆದ ಮೈ, ಕಡ್ಡಿ ಚಕ್ರ, ಉದ್ದ ಮೂತಿ. ಹಲ್ಲಿನ ಡಾಕ್ಟರೊಬ್ಬರು ಇದರ ಸಹವಾಸವೇ ಸಾಕೆಂದು ಕೈ ಮುಗಿದು ಬಿಟ್ಟುಹೋದದ್ದನ್ನು ಅಣ್ಣ ಎರಡು ವರ್ಷ ಕೂತು ದಾರಿಗೆ ತಂದಿದ್ದ. ಅತ್ತಿಗೆ ಅದನ್ನು ಕರೆಯುತ್ತಿದ್ದುದೇ ಸವತಿ ಎಂದು. "ಊಟಕ್ಕೆ ಬರ್ತೀರೋ, ಸವತಿ ಬಿಡಲ್ಲ ಅಂತಾಳೋ?" ಎಂದು ಅಡುಗೆಮನೆಯಿಂದ ಕೂಗುತ್ತಿದ್ದಳು.

ಒಂದು ದಿನ ಪುಟ್ಟ ಅಣ್ಣನನ್ನು ಕೇಳದೆ ಅದನ್ನು ತೆಗೆದುಕೊಂಡು ಹೋದ. ಡಿಪೋದ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರುದಾರಿಯಲ್ಲಿ ಗತ್ತಿನಿಂದ ಓಡಿಸಿದ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೊನೆ ಮುಟ್ಟಿತು. ಈ ಹಳೇ ಕಾರುಗಳ ಮುಳ್ಳು ಯಾವತ್ತೂ ಸುಳ್ಳೇ ಹೇಳುವುದು ಎಂದು ನಕ್ಕು ಇನ್ನಷ್ಟು ತುಳಿದ. ಮುಳ್ಳು ಅವತ್ತು ನಿಜವನ್ನೇ ಹೇಳುತ್ತಿತ್ತು. ರೇಡಿಯೇಟರಿನಲ್ಲಿ ಹನಿ ನೀರಿರಲಿಲ್ಲ. ದಿನಾ ಬೆಳಿಗ್ಗೆ ನಲವತ್ತು ಬಸ್ಸುಗಳ ನೀರು ನೋಡುವ ಮನುಷ್ಯ ಅಣ್ಣನ ಒಂದು ಕಾರಿನ ನೀರು ನೋಡಿರಲಿಲ್ಲ. ಎಂಜಿನ್ನಿನ ಮುಚ್ಚಳವಾದ ಹೆಡ್ಡಿನ ಕೆಳಗೆ, ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ, ಗಾಳಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಸುಟ್ಟು ಎಂಜಿನ್ ಹೊಗೆ ಉಗುಳಿತು. ಇಬ್ಬರೂ ಕಾರನ್ನು ತಳ್ಳಿಕೊಂಡು ಮನೆಗೆ ತಂದರು.

ಅಣ್ಣ ಬಾನೆಟ್ ಎತ್ತಿ ನೋಡಿದ. ಮುಚ್ಚಿದ. "ಊಟ ಮಾಡ್ಕೊಂಡು ಹೋಗು" ಎಂದ. ಅಷ್ಟೇ. ಕಪಾಳಕ್ಕೆ ಎರಡು ಬಿಗಿದಿದ್ದರೆ ಪುಟ್ಟ ಮುಂದಿನ ವಾರವೇ ಹಲ್ಲು ಕಿರಿದುಕೊಂಡು ಬಂದುಬಿಡುತ್ತಿದ್ದ. ಬೈಗುಳವಿಲ್ಲದ ಆ ಊಟ ಅವನ ಗಂಟಲಲ್ಲಿ ಹತ್ತೊಂಬತ್ತು ವರ್ಷ ಇಳಿಯಲಿಲ್ಲ. ಮದುವೆಗೆ ಬಂದ, ಸಾವಿಗೆ ಬಂದ, ಬೆಂಕಿ ತುಳಿದವನ ಹಾಗೆ ನಿಂತು ಹೊರಟುಹೋದ.

ಈಗ ಶೆಡ್ಡಿನ ಬಾಗಿಲು ತೆಗೆದ. ನಾಲ್ಕೂ ಟೈರು ನೆಲಕ್ಕಂಟಿದ್ದವು. ಸೀಟಿನೊಳಗೆ ಇಲಿಗಳು ತಲೆಮಾರುಗಳನ್ನೇ ಬೆಳೆಸಿದ್ದವು. ಹಸಿರು ಬಣ್ಣ ಸಿಪ್ಪೆ ಸುಲಿದಿತ್ತು. ಹಿಂದೆಯೇ ಬಂದ ಅಣ್ಣ ಗೋಡೆಗೆ ಒರಗಿಸಿದ ಮರದ ಕುರ್ಚಿಯಲ್ಲಿ, ನಡುಗುವ ಎರಡು ಕೈಗಳನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತ.

ಪುಟ್ಟ ಅವನ ಬಲಗಿವಿಯ ಹತ್ತಿರ ಬಗ್ಗಿ ಹೇಳಿದ: "ಮೊದ್ಲು ಹೆಡ್ ಬಿಚ್ತೀನಿ ಅಣ್ಣ. ಗ್ಯಾಸ್ಕೆಟ್ ಹೋಗಿರೋದು ಗೊತ್ತೇ ಇದೆಯಲ್ಲ."

"ಹೆಡ್ ಬಿಚ್ಬೇಡ."

"ಬಿಚ್ಚದೆ ಹೇಗಣ್ಣ?"

"ಬಿಚ್ಬೇಡ ಅಂದೆ. ಪ್ಲಗ್ ತೆಗಿ. ಮೊದ್ಲು ತಿರುಗಿಸಿ ನೋಡು."

ಒಳಗೆ ತಮ್ಮ ಮಾಡಿಟ್ಟ ಹಾಳನ್ನು ತಮ್ಮನೇ ಕಣ್ಣಾರೆ ನೋಡುವುದು ಬೇಡವೆಂದು ಅಣ್ಣ ಇನ್ನೂ ಮುಚ್ಚಿಡುತ್ತಿದ್ದಾನೆ ಎಂದುಕೊಂಡ ಪುಟ್ಟ. ಇಷ್ಟು ವರ್ಷ ಬಿಟ್ಟ ಎಂಜಿನ್ ತಿರುಗುವುದುಂಟೇ? ಪಿಸ್ಟನ್‌ಗಳು ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಅಂಟಿಕೊಂಡು, ಇಡೀ ಎಂಜಿನ್ ಒಂದೇ ಕಬ್ಬಿಣದ ಮುದ್ದೆಯಾಗಿರುತ್ತದೆ. ಆದರೂ ಹಿರಿಯನ ಮಾತು, ಪ್ಲಗ್ ಬಿಚ್ಚಿದ.

ಮೊದಲನೆಯದು ಕೈಯಲ್ಲೇ ಸಲೀಸಾಗಿ ಸುತ್ತಿಕೊಂಡು ಬಂತು. ತುದಿ ಎಣ್ಣೆಯಿಂದ ಒದ್ದೆಯಾಗಿತ್ತು. ಹಳೆಯ ಕರಿ ಮಡ್ಡಿಯಲ್ಲ, ತಿಳಿ ಎಣ್ಣೆ. ಮೂಸಿ ನೋಡಿದ. ಡಿಪೋದಲ್ಲಿ ಮೂವತ್ತು ವರ್ಷ ಮೂಸಿದ ಯಾವ ಎಣ್ಣೆಯೂ ಅದಲ್ಲ. ಎಲ್ಲೋ ಮೂಸಿದ ವಾಸನೆ, ಆದರೆ ಎಲ್ಲಿ ಎಂದು ಹೊಳೆಯಲಿಲ್ಲ. ನಾಲ್ಕೂ ಪ್ಲಗ್ಗುಗಳು ಹಾಗೆಯೇ ಇದ್ದವು.

"ಗಾಳಿಯ ಒತ್ತಡ ನೋಡೋಕೆ ಸಿಲಿಂಡರಿನ ಬಾಯಿಗೆ ನಾನು ಹೆಬ್ಬೆರಳು ಒತ್ತಿ ಹಿಡೀಬೇಕು. ಮುಂದೆ ಹ್ಯಾಂಡಲ್ ತಿರುಗಿಸೋರು ಯಾರು?" ಎಂದ.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಒದ್ದೆ ಕೈ ಒರೆಸಿಕೊಂಡು ಬಂದಳು. ಮೂಲೆಯಲ್ಲಿದ್ದ ಹ್ಯಾಂಡಲನ್ನು ಹುಡುಕದೇ ಎತ್ತಿಕೊಂಡಳು. ಬಂಪರಿನ ಕೆಳಗಿನ ತೂತಿಗೆ ಕಣ್ಣು ಹಾಯಿಸದೇ ಸೇರಿಸಿದಳು. ಹಿಡಿದದ್ದು ಹೇಗೆಂದರೆ, ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಮಡಚಿಕೊಂಡು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯದಿರಲಿ ಎಂದು ಹಿಡಿಯುವ ಹಿಡಿತ ಅದು. ಕಲಿತವರಿಗಲ್ಲದೆ ಬರುವುದಿಲ್ಲ.

ಪುಟ್ಟ ಬಾಯಿ ಬಿಟ್ಟು ನೋಡಿದ.

"ನನ್ನ ಮುಖ ಏನು ನೋಡ್ತೀಯಾ? ಬೆರಳಿಡು" ಎಂದಳು ಅತ್ತಿಗೆ.

ಅವನು ಎರಡನೆಯ ಸಿಲಿಂಡರಿನ ತೂತಿಗೆ ಹೆಬ್ಬೆರಳು ಒತ್ತಿದ. ಅವಳು ತಿರುಗಿಸಿದಳು. ಎಂಜಿನ್ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ತಿರುಗಿತು, ಒಳಗಿನ ಗಾಳಿ ಪುಸ್ಸೆಂದು ಅವನ ಹೆಬ್ಬೆರಳನ್ನು ಆಚೆಗೆ ಎಸೆಯಿತು. ನಂಬಲಾಗದೆ ಮತ್ತೆ ಇಟ್ಟ. ಮತ್ತೆ ಎಸೆಯಿತು. ಮೂರನೆಯದಕ್ಕೆ ಇಟ್ಟ. ಅದೂ ಎಸೆಯಿತು. ಸುಟ್ಟ ಗ್ಯಾಸ್ಕೆಟ್ ಇದ್ದರೆ ಗಾಳಿ ಪಕ್ಕದ ಸಿಲಿಂಡರಿಗೆ ಸೋರಿಹೋಗಬೇಕೇ ಹೊರತು ಬೆರಳನ್ನು ಹೀಗೆ ನೂಕಬಾರದು.

"ಇದನ್ನ ಯಾರೋ ರಿಪೇರಿ ಮಾಡಿದ್ದಾರೆ" ಎಂದ ಪುಟ್ಟ.

"ಯಾರೋ ಅಲ್ಲ, ಇವರೇ. ನೀನು ಹೋದ ಮುಂದಿನ ತಿಂಗಳೇ. ಹೆಡ್ ಮಟ್ಟ ಮಾಡಿಸ್ಕೊಂಡು ಬಂದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ್ರು. ನಾನೇ ಟಾರ್ಚ್ ಹಿಡಿದಿದ್ದೆ."

"ಮತ್ತೆ ಸ್ಟಾರ್ಟ್ ಯಾಕೆ ಮಾಡ್ಲಿಲ್ಲ?"

"ನಾನೂ ಅದನ್ನೇ ಕೇಳ್ದೆ. 'ಪುಟ್ಟ ಬರ್ತಾನೆ, ಅವನ ಕೈಲೇ ಸ್ಟಾರ್ಟ್ ಆಗ್ಲಿ. ನಾನು ಮಾಡಿಬಿಟ್ರೆ ಅವನ ಮನಸ್ಸಲ್ಲಿ ಇದು ಹಾಳಾಗೇ ಉಳಿಯುತ್ತೆ' ಅಂದ್ರು. ಬೇಸಿಗೆಗೆ ಬರ್ತಾನೆ ಅಂದ್ರು. ಬೇಸಿಗೆ ಹೋಯ್ತು. ವರ್ಷದ ಕೊನೆಗೆ ಬರ್ತಾನೆ ಅಂದ್ರು. ಅಷ್ಟರಲ್ಲಿ ಎಂಜಿನ್ ಹಿಡ್ಕೊಳ್ಳಬಾರದಲ್ಲ, ತಿಂಗಳಿಗೊಂದ್ಸಲ ಎಣ್ಣೆ ಬಿಟ್ಟು ಎರಡು ಸುತ್ತು ತಿರುಗಿಸ್ತಿದ್ರು. ಇವರ ಕೈ ನಡುಗೋಕೆ ಶುರುವಾದ ಮೇಲೆ ಆ ಕೆಲಸ ನನ್ನ ತಲೆಗೆ ಬಂತು."

"ಯಾವ ಎಣ್ಣೆ ಅತ್ತಿಗೆ ಅದು?"

"ಹೊಲಿಗೆ ಮಷಿನ್ನಿಂದು. ಮನೇಲಿ ಇದ್ದದ್ದು ಅದೇ. ಯಾಕೆ, ಆಗಲ್ವಾ?" ಅಷ್ಟೂ ಹೊತ್ತಿನಲ್ಲಿ ಮೊದಲ ಸಲ ಅವಳ ದನಿಯಲ್ಲಿ ಅಳುಕು ಕಂಡಿತು. "ಸವತಿಗೆ ತಿಂಗಳು ತಿಂಗಳೂ ಎಣ್ಣೆ ಹಾಕಿದ ಹೆಂಗಸು ಈ ಲೋಕದಲ್ಲಿ ನಾನೊಬ್ಬಳೇ ಇರ್ಬೇಕು."

ಪುಟ್ಟ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತಾನು ಮುಖ ತಪ್ಪಿಸಿಕೊಂಡು ತಿರುಗಿದ ಒಂದೊಂದು ತಿಂಗಳೂ ಈ ಮನೆಯಲ್ಲಿ ಯಾರೋ ಒಬ್ಬರು ಬಗ್ಗಿ, ಹ್ಯಾಂಡಲ್ ಹಿಡಿದು, ಅವನು ಬರುತ್ತಾನೆಂದು ಎರಡು ಸುತ್ತು ತಿರುಗಿಸಿದ್ದರು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಇಷ್ಟು ದಿನ ಕಾದವರಿದ್ದರಲ್ಲ ಎಂಬ ಕೃತಜ್ಞತೆಯಿಂದ ಕಣ್ಣು ತುಂಬಿ ಬಂತು.

"ಒಂದು ಮಾತು ಕರೀಬಹುದಿತ್ತಲ್ಲ ಅತ್ತಿಗೆ."

"ಕರೆದಿದ್ರೆ ಬೈಸ್ಕೊಳ್ಳೋಕೆ ಕರೆದ್ರು ಅಂದ್ಕೊಂಡು ಇನ್ನೂ ದೂರ ಓಡ್ತಿದ್ದೆ. ಅವರು ಹೇಳೋರಲ್ಲ, ನೀನು ಕೇಳೋನಲ್ಲ. ಅಣ್ಣ ತಮ್ಮ ಇಬ್ರನ್ನೂ ಒಂದೇ ಅಚ್ಚಲ್ಲಿ ಎರಕ ಹೊಯ್ದಿದ್ದಾರೆ. ಈಗ ಏಳು, ಅಳೋಕೆ ಆಮೇಲೂ ಟೈಮಿದೆ. ಇವರ ಕಿವಿಗೆ ಟೈಮಿಲ್ಲ."

ಅದು ನಿಜ. ಎಂಜಿನ್ ಆರೋಗ್ಯವಾಗಿತ್ತು ಅಷ್ಟೇ, ಉಳಿದದ್ದೆಲ್ಲ ಎಕ್ಕುಟ್ಟಿಹೋಗಿತ್ತು. ಪುಟ್ಟ ನಾಲ್ಕು ದಿನ ಶೆಡ್ಡಿನಲ್ಲೇ ಬಿದ್ದಿದ್ದ. ಪೆಟ್ರೋಲ್ ಟ್ಯಾಂಕ್ ಇಳಿಸಿ, ಒಳಗೆ ಬೆಲ್ಲದ ಪಾಕದಂತೆ ಕೂತಿದ್ದ ಹಳೆಯ ಪೆಟ್ರೋಲನ್ನು ಕೆರೆದು ತೊಳೆದ. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರುಗಳನ್ನು ಬಿಡಿ ಬಿಡಿ ಮಾಡಿ ಬಟ್ಟೆಯ ಮೇಲೆ ಹರಡಿದ. ಯಾವ ತುಂಡು ಯಾವುದರದ್ದೆಂದು ಕಲೆಸಿಹೋದಾಗ ಅಣ್ಣ ಗದ್ದದಿಂದಲೇ ತೋರಿಸಿದ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಹೊಳೆಯಿಸಿದ. ಎಂಜಿನ್ ಆಯಿಲ್ ಬದಲಿಸಿದ. ರೇಡಿಯೇಟರಿಗೆ ನೀರು ತುಂಬಿ ಮೂರು ಸಲ ಇಣುಕಿ ನೋಡಿದ. ಒಂದು ಗಂಟೆ ಬಿಟ್ಟು ಬಂದು ನಾಲ್ಕನೆಯ ಸಲವೂ ನೋಡಿದ. ಅತ್ತಿಗೆ ಕಂಡೂ ಕಾಣದ ಹಾಗೆ ಹೋದಳು.

ಐದನೆಯ ದಿನ ಬೆಳಿಗ್ಗೆ ಹೊಸ ಬ್ಯಾಟರಿ ಇಟ್ಟು ತಂತಿ ಸೇರಿಸಲು ಹೋದಾಗ ಕುರ್ಚಿಯಿಂದ ಒಂದು ಗರ್ಜನೆ ಬಂತು.

"ಏಯ್!"

ಪುಟ್ಟನ ಕೈಯಿಂದ ಸ್ಪ್ಯಾನರ್ ಬಿತ್ತು. ಅಣ್ಣ ಅಷ್ಟು ಜೋರಾಗಿ ಕೂಗಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಮೈನಸ್ ತಂತಿ ತಗೊಂಡು ಹೋಗಿ ಕಾರಿನ ಮೈಗೆ ಕೊಡ್ತಿದ್ದೀಯಲ್ಲೋ! ಇದರದ್ದು ಪ್ಲಸ್ ಮೈಗೆ!"

ಮೂವತ್ತು ವರ್ಷ ಸಾವಿರಾರು ಬಸ್ಸುಗಳಲ್ಲಿ ಮೈನಸ್ಸನ್ನೇ ಗಾಡಿಯ ಮೈಗೆ ಕೊಟ್ಟ ಕೈ ಕಣ್ಣು ಮುಚ್ಚಿಕೊಂಡು ಅದೇ ದಾರಿ ಹಿಡಿದಿತ್ತು. ಹಳೆಯ ಇಂಗ್ಲಿಷ್ ಕಾರುಗಳದ್ದು ಇದೊಂದು ಉಲ್ಟಾ ಸ್ವಭಾವ. ಪುಟ್ಟ ನಾಲಿಗೆ ಕಚ್ಚಿಕೊಂಡ. ಆಮೇಲೆ ಅವನಿಗೆ ಹೊಳೆಯಿತು, ಹತ್ತೊಂಬತ್ತು ವರ್ಷ ಬಾಕಿ ಇದ್ದ ಬೈಗುಳ ಅಂತೂ ಇವತ್ತು ಸಿಕ್ಕಿತು. ಅವನಿಗೆ ಎಷ್ಟು ಹಾಯೆನಿಸಿತೆಂದರೆ, ಸ್ಪ್ಯಾನರ್ ಎತ್ತಿಕೊಳ್ಳುತ್ತಾ ಒಬ್ಬನೇ ನಕ್ಕ.

ತಂತಿ ಸರಿ ಮಾಡಿ ಕೀಲಿ ತಿರುಗಿಸಿದ. ಹಿಂದುಗಡೆ ಪಂಪು ಟಕ್ ಟಕ್ ಎಂದು ಪೆಟ್ರೋಲ್ ತುಂಬಿಕೊಂಡು ಸುಮ್ಮನಾಯಿತು. ಸ್ಟಾರ್ಟರ್ ಎಳೆದ. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೆ ಎಳೆದ. ಒಮ್ಮೆ ಕೆಮ್ಮಿ, ಕಾರ್ಬುರೇಟರಿನ ಬಾಯಿಂದ ಡಬ್ಬೆಂದಿತು. ಮೂರನೆಯ ಸಲಕ್ಕೆ ಒಂದು ಸಿಲಿಂಡರ್ ಹತ್ತಿತು, ಎರಡು ಹತ್ತಿದವು, ಆಮೇಲೆ ನಾಲ್ಕೂ ಒಟ್ಟಿಗೆ ಹೊತ್ತಿಕೊಂಡು ತಗಡಿನ ಶೆಡ್ಡೇ ಅದುರಿತು. ಹೊಲಿಗೆ ಯಂತ್ರದ ಎಣ್ಣೆಯೆಲ್ಲ ಸುಟ್ಟು ನೀಲಿ ಹೊಗೆ ತುಂಬಿಕೊಂಡಿತು. ಅತ್ತಿಗೆ ಮೂಗಿಗೆ ಟವಲು ಹಿಡಿದು "ಅಯ್ಯೋ, ನನ್ನ ಎಣ್ಣೇನೇ!" ಎಂದು ಕೂಗಿ ನಗತೊಡಗಿದಳು.

ಪುಟ್ಟ ಅಣ್ಣನ ಕಡೆ ತಿರುಗಿದ. ಅಣ್ಣ ಕೂತಲ್ಲೇ ಕೂತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ತಡವಾಗಿಹೋಯಿತೇ? ಇಷ್ಟು ಗಲಾಟೆಯೂ ಆ ಕಿವಿಗೆ ಮುಟ್ಟಲಿಲ್ಲವೇ?

ಅಣ್ಣ ನಿಧಾನವಾಗಿ ಎದ್ದ. ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಮೊಳದಷ್ಟು ರಬ್ಬರ್ ಕೊಳವೆ ತೆಗೆದುಕೊಂಡ. ಹಳಬರು ಕಾರ್ಬುರೇಟರ್ ಗಾಳಿ ಎಳೆಯುವ ಸದ್ದನ್ನು ಅದರಿಂದಲೇ ಅಳೆಯುತ್ತಿದ್ದರು. ಒಂದು ತುದಿಯನ್ನು ಬಲಗಿವಿಗೆ ಒತ್ತಿಕೊಂಡು ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟ. ಪುಟ್ಟ ಅದನ್ನು ಮುಂದಿನ ಕಾರ್ಬುರೇಟರಿನ ಬಾಯಿಗೆ ಹಿಡಿದ, ಆಮೇಲೆ ಹಿಂದಿನದಕ್ಕೆ.

"ಹಿಂದಿನದು ಜಾಸ್ತಿ ಎಳೀತಿದೆ" ಎಂದ ಅಣ್ಣ. "ಅದರ ಸ್ಕ್ರೂ ಕಾಲು ಸುತ್ತು ಕಮ್ಮಿ ಮಾಡು."

ಕೇಳಿಸುತ್ತಿತ್ತು! ಪುಟ್ಟ ಕಾಲು ಸುತ್ತು ಇಳಿಸಿದ. "ಇನ್ನೊಂದು ಕೂದಲಷ್ಟು" ಎಂದ ಅಣ್ಣ. ಅದನ್ನೂ ಇಳಿಸಿದ. ಎಂಜಿನ್ನಿನ ಕುಂಟು ನಿಂತು, ಒಂದೇ ಸಮನೆ ಮೆಲ್ಲಗೆ ಗುನುಗತೊಡಗಿತು. ಅಣ್ಣ ಕಣ್ಣು ಮುಚ್ಚಿಕೊಂಡ. ಕೊಳವೆ ಹಿಡಿದ ಕೈ ನಡುಗುತ್ತಲೇ ಇತ್ತು, ಆದರೆ ಕಿವಿಯಿಂದ ಒಂದಿಷ್ಟೂ ಸರಿಯಲಿಲ್ಲ.

ಪುಟ್ಟ ಕೊಳವೆಯ ತನ್ನ ತುದಿಯನ್ನು ಕಾರ್ಬುರೇಟರಿನಿಂದ ತೆಗೆದು ತನ್ನ ಬಾಯಿಗೆ ಹಿಡಿದ.

"ಅಣ್ಣ, ಅವತ್ತು ನಾನು ನೀರು ನೋಡ್ಲಿಲ್ಲ. ತಪ್ಪಾಯ್ತು."

ಅಣ್ಣ ಕಣ್ಣು ತೆರೆಯಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಪುಟ್ಟ ಇನ್ನೊಮ್ಮೆ ಹೇಳಲು ಬಾಯಿ ತೆರೆದ.

"ಇವತ್ತು ನೋಡಿದ್ದೀಯಾ?" ಎಂದ ಅಣ್ಣ.

"ನೋಡಿದ್ದೀನಿ ಅಣ್ಣ. ಕಂಠಮಟ್ಟ ಇದೆ."

"ಹಾಗಾದ್ರೆ ಆರಿಸ್ಬೇಡ" ಎಂದ ಅಣ್ಣ, ಬಿಡುವಾಗಿದ್ದ ಕೈಯಿಂದ ತಮ್ಮನ ಭುಜ ಹಿಡಿದುಕೊಂಡು. "ಇನ್ನೊಂದು ಸ್ವಲ್ಪ ಹೊತ್ತು ಓಡ್ಲಿ."