ಡಾಕ್ಟರಮ್ಮನ ಮೂರನೆಯ ಅಧ್ಯಾಯ

ಹೃದಯದ ಡಾಕ್ಟರಮ್ಮನಿಗೆ ಜನಸಾಮಾನ್ಯರಿಗಾಗಿ ಪುಸ್ತಕ ಬರೆಯುವ ಹುಚ್ಚು ಹತ್ತಿತ್ತು. ಬರೆದಷ್ಟನ್ನು ಲೈಬ್ರರಿಯ ಮಹಡಿಯಲ್ಲಿ ಭಾನುವಾರ ಸೇರುವ ನಾಲ್ಕಾರು ಬರಹಗಾರರ ಮುಂದೆ ಓದುತ್ತಿದ್ದಳು. ಅವರು ಹೇಳಿದ ತಪ್ಪುಗಳಿಗೆಲ್ಲ ತಲೆಯಾಡಿಸುವಳು. ಒಳಗೊಳಗೆ ಮಾತ್ರ 'ಇವರಿಗೇನು ಗೊತ್ತು' ಎಂಬ ಗರ್ವ.

ಆ ಭಾನುವಾರ ಅತ್ತಿಗೆಯೂ ಜೊತೆಗೆ ಬಂದಿದ್ದರು. ಸಂಗೀತದ ಟೀಚರು, ಸದಾ ನಗುಮುಖದವರು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು, "ವಯಸ್ಸಾಯ್ತು ಕಣೇ, ಮೆಟ್ಟಿಲೂ ನನ್ನ ನೋಡಿ ನಗುತ್ತೆ" ಎಂದರು. ಡಾಕ್ಟರಮ್ಮನೂ ನಕ್ಕು ಮುಂದೆ ಹತ್ತಿದಳು.

ಹೆಂಗಸರ ಹೃದಯಾಘಾತದ ಬಗೆಗಿನ ಮೂರನೆಯ ಅಧ್ಯಾಯ ಓದಿ ಮುಗಿಸಿದಾಗ, ನಿವೃತ್ತ ಉಪಸಂಪಾದಕರು ಕನ್ನಡಕ ತೆಗೆದಿಟ್ಟರು.

"ಮೇಡಂ, ಬೇಜಾರು ಮಾಡ್ಕೋಬೇಡಿ. 'ವಿಕೀರ್ಣ ವೇದನೆ' ಅಂತೀರಿ, 'ಅನಿರ್ದಿಷ್ಟ ಲಕ್ಷಣಗಳು' ಅಂತೀರಿ. ಕಬ್ಬಿಣದ ಕಡಲೆ ಇದು. ಮನೆಯವರಿಗೆ ಹೇಳೋ ಹಾಗೆ ಹೇಳಿ ನೋಡೋಣ."

ಡಾಕ್ಟರಮ್ಮನಿಗೆ ರೇಗಿತು. ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದಳು.

"ಎದೆನೋವೇ ಬರಬೇಕು ಅಂತಿಲ್ಲ. ದವಡೆ ಹಿಡ್ಕೊಂಡ ಹಾಗಾಗುತ್ತೆ. ಬೆನ್ನು ಸೆಳೆಯುತ್ತೆ. ಗ್ಯಾಸ್ ಇರಬೇಕು ಅನ್ಸುತ್ತೆ. ಸುಮ್ನೆ ಕೂತ್ರೂ ತಣ್ಣಗೆ ಬೆವರುತ್ತೆ. ಸಾಕಾ?"

ಪಕ್ಕದ ಕುರ್ಚಿಯಿಂದ ಅತ್ತಿಗೆ ಮೆಲ್ಲಗೆ ಅಂದರು, "ಬೆಳಗಿನಿಂದ ನನಗೆ ಹಾಗೇ ಆಗ್ತಿದೆಯಲ್ಲೇ."

ಡಾಕ್ಟರಮ್ಮ ತಿರುಗಿ ನೋಡಿದಳು. ಬೂದಿ ಬಳಿದಂಥ ಮುಖ, ಹಣೆ ತುಂಬ ಬೆವರು, ದವಡೆಗೆ ಒತ್ತಿ ಹಿಡಿದ ಅಂಗೈ. ಅಷ್ಟು ಹೊತ್ತೂ ಅವರ ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ತಾನು. ಆಂಬುಲೆನ್ಸಿಗೆ ಫೋನ್ ಮಾಡಿದವರು ಉಪಸಂಪಾದಕರು. ಆಮೇಲೆ ಅವಳ ಕೈಗಳು ಹೇಗೋ ತಮ್ಮಷ್ಟಕ್ಕೆ ಕೆಲಸ ಮಾಡಿದವು: ಅತ್ತಿಗೆಯನ್ನು ಒರಗಿಸಿ ಕೂರಿಸಿದವು, ಬ್ಯಾಗಿನಿಂದ ಮಾತ್ರೆ ತೆಗೆದು ಅಗಿಯಲು ಕೊಟ್ಟವು, ನಾಡಿ ಹಿಡಿದವು.

ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳವನ್ನು ತೆರೆದರು. ಜೀವ ಉಳಿಯಿತು.

ಮರುದಿನ ಹಾಸಿಗೆಯ ಪಕ್ಕ ಕೂತು ಕೇಳಿದಳು, "ನಾನು ಓದ್ತಿದ್ದಾಗಲೇ ಯಾಕೆ ಹೇಳ್ಲಿಲ್ಲ ಅತ್ತಿಗೆ?"

"ನೀನು ಓದುವಾಗ ಅದು ಯಾರೋ ದೊಡ್ಡವರ ಕಾಯಿಲೆ ಅನ್ನಿಸ್ತು ಕಣೇ. ರೇಗಿ ಹೇಳಿದ್ಯಲ್ಲ, ಆಗ್ಲೇ ನಂದು ಅಂತ ಗೊತ್ತಾಗಿದ್ದು."

ಡಾಕ್ಟರಮ್ಮ ಅತ್ತಿಗೆಯ ಕೈ ಹಿಡಿದುಕೊಂಡಳು. ಉಪಸಂಪಾದಕರು ಅಂದು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು 'ಚೆನ್ನಾಗಿದೆ ಮೇಡಂ' ಎಂದುಬಿಟ್ಟಿದ್ದರೆ? ಆ ಯೋಚನೆಯನ್ನು ಮುಂದಕ್ಕೆ ಹರಿಯಬಿಡಲು ಅವಳಿಗೆ ಎದೆ ಸಾಲಲಿಲ್ಲ. ಅತ್ತಿಗೆ ನಿದ್ದೆ ಹೋದ ಮೇಲೂ ಅವರ ಕೈಯನ್ನು ಬಿಡದೆ ಕೂತೇ ಇದ್ದಳು.