ತೇಜಶ್ರೀಗೆ ಹೇಳದೆ ಇಟ್ಟ ಮಾತು

ದಸರಾ ರಜೆಗೆಂದು ಚನ್ನರಾಯಪಟ್ಟಣದ ಹಾಸ್ಟೆಲಿನಿಂದ ಬಂದ ತೇಜಶ್ರೀ ಚಾಪೆ ಬಿಟ್ಟು ಏಳಲಿಲ್ಲ. ಮೈ ಸುಡುತ್ತಿತ್ತು. ಅಜ್ಜಿ ಸುಬ್ಬಮ್ಮ ಮುದ್ದೆ ಮುರಿದು ಬಾಯಿಗಿಟ್ಟರೂ ನುಂಗಲಿಲ್ಲ.

"ಆಸ್ಟ್ಲು ನೀರು ಒಗ್ಗಿಲ್ಲ ಕಣ್ ಸುಬ್ಬಕ್ಕ. ಕಷಾಯ ಕಾಯ್ಸ್ಕೊಡು, ಇಳೀತದೆ," ಅಂದಳು ಪಕ್ಕದ ಮನೆಯ ಬಸವಲಿಂಗಮ್ಮ.

ಸುಬ್ಬಮ್ಮ ಹೂಂ ಅಂದಳು. ಆದರೆ ಅವಳಿಗೆ ಗೊತ್ತಿದ್ದ ಸಂಗತಿ ಬಸವಲಿಂಗಮ್ಮನಿಗೆ ಗೊತ್ತಿರಲಿಲ್ಲ. ತೇಜಶ್ರೀಗೂ ಗೊತ್ತಿಲ್ಲ ಅಂತಲೇ ಅವಳು ನಂಬಿದ್ದಳು.

ಸುಬ್ಬಮ್ಮನ ಮಗಳು, ಅಳಿಯ ಇಬ್ಬರೂ ಎಚ್‌ಐವಿಯಿಂದ ತೀರಿಕೊಂಡಿದ್ದರು. ತಾಯಿಯಿಂದ ಮಗುವಿಗೂ ಸೋಂಕು ಬಂದಿತ್ತು. ಹಾಸನದ ಆಸ್ಪತ್ರೆಯಲ್ಲಿ ಇದಕ್ಕೆ ಪುಕ್ಕಟೆ ಮಾತ್ರೆ ಸಿಗಲು ಶುರುವಾದಾಗಿನಿಂದ ಸುಬ್ಬಮ್ಮ ಶಾಂತಿಗ್ರಾಮದಲ್ಲಿ ಬಸ್ಸು ಹತ್ತಿ ಹೋಗಿ ತಂದು, ಬೆಳಿಗ್ಗೆ ಸಂಜೆ ಕೈಯಾರೆ ನುಂಗಿಸಿದಳು. ಯಾತಕ್ಕೆ ಅಂತ ಹುಡುಗಿ ಕೇಳಿದರೆ, "ನಿಂಗೆ ರಕ್ತ ಕಮ್ಮಿ ಕಣವ್ವ," ಅನ್ನುತ್ತಿದ್ದಳು.

ಮಾತ್ರೆ ಕೊಡುವ ಕಡೆ ಧೈರ್ಯ ಹೇಳುವ ಸುವರ್ಣಮ್ಮ ಅನ್ನುವವರಿದ್ದರು. ಹುಡುಗಿ ಎಸ್ಸೆಸ್ಸೆಲ್ಸಿ ಓದುವಾಗಲೇ ಅವರು ಎಚ್ಚರಿಸಿದ್ದರು.

"ಸುಬ್ಬಮ್ಮ, ಮಗು ದೊಡ್ಡದಾಯ್ತು. ನಿಜ ಹೇಳೋಣ. ನಾನೂ ಜೊತೇಲಿ ಕೂತ್ಕೋತೀನಿ. ಹೊರಗಡೆ ಯಾರಿಂದಲೋ ತಿಳಿದ್ರೆ ತಡ್ಕೊಳ್ಳಲ್ಲ."

"ಬ್ಯಾಡ ಕಣವ್ವ. ಅವ್ರವ್ವ ಸತ್ತಂಗೇ ನಾನೂ ಸಾಯ್ತೀನಿ ಅಂದ್ಕೊಂಬುಡ್ತಾಳೆ. ಪರೀಕ್ಷೆ ಮುಗೀಲಿ."

ಎಸ್ಸೆಸ್ಸೆಲ್ಸಿ ಮುಗಿಯಿತು. ಹುಡುಗಿ ಕಾಲೇಜು ಸೇರಿ ಹಾಸ್ಟೆಲಿಗೆ ಹೋದಳು. ಇನ್ನು ಮೇಲೆ ಮಾತ್ರೆ ನಾನೇ ತಂದುಕೊಳ್ಳುತ್ತೇನೆ ಅಂದಳು. ಸುಬ್ಬಮ್ಮನ ಬಾಯಿಂದ ಆ ಮಾತು ಹೊರಡಲೇ ಇಲ್ಲ.

ಕಷಾಯಕ್ಕೆ ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ತೇಜಶ್ರೀ ಮೆಲ್ಲಗೆ ಅಂದಳು, "ಅಜ್ಜಿ, ಎಡಗಣ್ಣಲ್ಲಿ ಏನೂ ಕಾಣಲ್ಲ."

ಸುಬ್ಬಮ್ಮ ಅವಳ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. "ಮಾತ್ರೆ ತಗೋತಿದ್ದೀಯ ತಾನೆ?"

ಹುಡುಗಿ ಕಂಬಳಿ ಎಳೆದುಕೊಂಡಳು.

"ಬಿಟ್ಬುಟ್ಟೆ. ಕಾಲೇಜಲ್ಲಿ ಏಡ್ಸ್ ಬಗ್ಗೆ ಭಾಷಣ ಮಾಡಿದ್ರು. ಅದ್ರ ಮಾತ್ರೆ ಎಸ್ರು ಏಳಿದ್ರು. ನನ್ ಡಬ್ಬಿ ಮ್ಯಾಲೆ ಇದ್ದದ್ದೂ ಅದೇ ಎಸ್ರು. ನನ್ ರೂಮಿನವ್ರೆಲ್ಲ ಅಲ್ಲೇ ಕೂತಿದ್ರು. ಅವರ ಕಣ್ಣಿಗೆ ಬಿದ್ರೆ ಅಂತ ಎಲ್ಲಾನೂ ಎಸ್ದ್ಬುಟ್ಟೆ. ಸತ್ರೆ ಸಾಯೋಣ ಅನ್ನಿಸ್ತು." ಆಮೇಲೆ ಗೋಡೆ ಕಡೆ ತಿರುಗಿ ಅಂದಳು, "ನೀನು ರಕ್ತ ಕಮ್ಮಿ ಅಂದಿದ್ದೆ."

ಸುಬ್ಬಮ್ಮ ಅವತ್ತೇ ಮೊಮ್ಮಗಳನ್ನು ಎದೆಗೊರಗಿಸಿಕೊಂಡು ಬಸ್ಸು ಹತ್ತಿದಳು. ಹಾಸನದಲ್ಲಿ ಇಳಿದು ಮಾತ್ರೆ ಕೊಡುವ ಆಸ್ಪತ್ರೆಗೇ ನಡೆಸಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು. ರೋಗ ತಡೆಯುವ ಶಕ್ತಿ ತೀರಾ ಕುಸಿದಿದೆ, ಅದಕ್ಕೇ ಕಣ್ಣಿನೊಳಗೆ ಸೋಂಕು ಇಳಿದಿದೆ ಅಂದರು. ಎಡಗಣ್ಣಿನ ದೃಷ್ಟಿ ಮರಳಿ ಬರುವುದಿಲ್ಲ. ಬಲಗಣ್ಣು ಉಳಿಸಿಕೊಳ್ಳಲು ನೋಡಬೇಕು.

ಸುವರ್ಣಮ್ಮ ಬಂದರು. ಬಯ್ಯಲಿಲ್ಲ.

"ಮಾತ್ರೆಗೆ ಬರದೆ ಇದ್ದಾಗ ನಿಮ್ಮನ್ನ ಹುಡುಕ್ಕೊಂಡು ಹೋಗಿದ್ವಿ ಸುಬ್ಬಮ್ಮ. ನೀವು ಹೇಳಿದ್ದ ಊರಲ್ಲಿ ನಿಮ್ಮನ್ನ ಕಂಡೋರೇ ಇಲ್ಲ."

ಸುಬ್ಬಮ್ಮ ತಲೆ ತಗ್ಗಿಸಿದಳು. ಮನೆಗೆ ಯಾರಾದರೂ ಬಂದರೆ ಊರಿಗೆಲ್ಲ ತಿಳಿಯುತ್ತದೆ ಅಂತ ಬೇರೆ ಊರಿನ ಹೆಸರು ಬರೆಸಿದ್ದಳು.

"ನಾವು ಬಂದ್ರೂ ಯಾತಕ್ಕೆ ಬಂದ್ವಿ ಅಂತ ಯಾರಿಗೂ ಹೇಳಲ್ಲ," ಅಂದರು ಸುವರ್ಣಮ್ಮ. "ಆಗ ಸಿಕ್ಕಿದ್ರೆ ಎರಡು ಕಣ್ಣೂ ಇರ್ತಿದ್ವೋ ಏನೋ."

ಆಮೇಲೆ ಅವರು ತೇಜಶ್ರೀಯ ಹಾಸಿಗೆ ಅಂಚಿಗೆ ಕೂತರು. "ನಿನ್ನ ಹಾಗೆ ಹುಟ್ಟಿನಿಂದ ಸೋಂಕು ಇರೋ ಹುಡುಗ ಹುಡುಗೀರು ಇಲ್ಲಿ ತಿಂಗಳಿಗೊಮ್ಮೆ ಸೇರ್ತಾರೆ. ಹಾಸ್ಟೆಲಿನಲ್ಲಿ ಮಾತ್ರೆ ಹೆಂಗೆ ಇಟ್ಕೋಬೇಕು ಅಂತ ಅವರೇ ಹೇಳಿಕೊಡ್ತಾರೆ. ತಪ್ಪದೆ ನುಂಗಿದೋರು ಓದ್ತಾರೆ, ಕೆಲಸಕ್ಕೆ ಹೋಗ್ತಾರೆ."

"ಒಂದು ಕಣ್ಣಿಟ್ಕೊಂಡು ನಾನೇನು ಓದ್ಲಿ?" ಅಂದಳು ತೇಜಶ್ರೀ.

ಸುವರ್ಣಮ್ಮ ಅವಳ ಕೈ ಹಿಡಿದುಕೊಂಡು ಕೂತರು.

ಕಣ್ಣಿನ ಚಿಕಿತ್ಸೆ ವಾರಗಟ್ಟಲೆ ನಡೆಯಿತು. ಬಲಗಣ್ಣು ಉಳಿಯಿತು. ಹಳೇ ಮಾತ್ರೆ ಮತ್ತೆ ಶುರು ಮಾಡೋಣ, ಮಧ್ಯೆ ಬಿಟ್ಟಿದ್ದರಿಂದ ಅದು ಮೊದಲಿನ ಹಾಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು ಅಂದರು ಡಾಕ್ಟರು. ಸುಬ್ಬಮ್ಮ ತಾನಾಗಿಯೇ ಎದ್ದು ಹೋಗಿ ಸರಿಯಾದ ಊರು, ಬೀದಿ ಬರೆಸಿ ಬಂದಳು.

ಮಾತ್ರೆ ಅಂಗೈಯಲ್ಲಿಟ್ಟುಕೊಂಡು ತೇಜಶ್ರೀ ಕೇಳಿದಳು, "ಅಜ್ಜಿ, ನಾನು ಬದುಕ್ತೀನಾ?"

ಏನೂ ಆಗಲ್ಲ ಕಣವ್ವ ಅನ್ನುವ ಮಾತು ಸುಬ್ಬಮ್ಮನ ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ನಂಗೊತ್ತಿಲ್ಲ ಕಣವ್ವ. ತಗೊಂಡ್ರೆ ಬದುಕ್ಬೋದು ಅಂತವ್ರೆ. ಬಿಟ್ರೆ ಉಳಿಯಾಕಿಲ್ಲ. ಇದು ಎಚ್‌ಐವಿ ಮಾತ್ರೆ. ನಿಮ್ಮವ್ವಂಗೆ ಸಿಗಲಿಲ್ಲ. ಇನ್ನು ನಿಂಗೆ ಸುಳ್ಳು ಏಳಾಕಿಲ್ಲ."

ತೇಜಶ್ರೀ ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ನೀರಿಗೆ ಕೈ ಚಾಚಿದಳು. ಒಂದೇ ಕಣ್ಣಿನ ಅಂದಾಜಿಗೆ ಕೈ ಲೋಟದ ಪಕ್ಕಕ್ಕೆ ಹೋಯಿತು. ಸುಬ್ಬಮ್ಮ ಲೋಟವನ್ನು ಅವಳ ಬೆರಳಿಗೆ ತಾಗಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನಿಜವನ್ನು ಮುಚ್ಚಿಡಬೇಡಿ. ಹೇಳಲು ಬಾಯಿ ಬರದಿದ್ದರೆ ಮಾತ್ರೆ ಕೊಡುವ ಕಡೆ ಕೇಳಿ, ಅವರು ಜೊತೆಗೆ ಕೂತು ಹೇಳುತ್ತಾರೆ. ನಿಮ್ಮ ವಿಳಾಸ ಸರಿಯಾಗಿ ಕೊಡಿ. ಓದಲು ದೂರ ಹೋದ ಮಕ್ಕಳನ್ನು ಮಾತ್ರೆ ತಗೊಂಡೆಯಾ ಅಂತ ಮಾತ್ರ ಕೇಳಬೇಡಿ, ಹೇಗಿದ್ದೀಯ ಅಂತಲೂ ಕೇಳಿ.

ಇದನ್ನು ಓದುತ್ತಿರುವ ನೀನೇ ಮಾತ್ರೆ ಬಿಟ್ಟಿದ್ದರೆ, ಹೆದರಬೇಡ, ನಾಚಬೇಡ. ಇವತ್ತೇ ಮಾತ್ರೆ ಕೊಡುವ ಕಡೆ ವಾಪಸ್ ಹೋಗು. ಯಾಕೆ ಬಿಟ್ಟೆ ಅಂತ ಬಯ್ಯುವುದಕ್ಕಲ್ಲ, ನೀನು ಬೇಕು ಅಂತ ಅವರು ಕಾಯುತ್ತಿದ್ದಾರೆ.